ಎರಡು ಗೋಡೆಗೆ ಒಂದು ಮಡಕೆ

ಕಾಟಿಗಾ ಹೊಟ್ಟೆಕಿಚ್ಚಿನ ಹೆಂಗಸು. ಸತ್ತವರ ವಿಷಯದಲ್ಲಿ ಸಿಹಿ ಮಾತಾಡುವ ಅಭ್ಯಾಸ ನನಗಿಲ್ಲ. ಅವಳಿಗಂತೂ ಬದುಕಿದ್ದವರ ವಿಷಯದಲ್ಲೂ ಇರಲಿಲ್ಲ. ಎಂಬತ್ತು ವರ್ಷದ ಬಾಳಿನಲ್ಲಿ ಇನ್ನೊಬ್ಬ ಹೆಣ್ಣಿನ ಕೈಕೆಲಸ ಚೆನ್ನಾಗಿದೆ ಎಂದು ಅವಳು ಹೇಳಿದ್ದನ್ನು ಕೇಳಿದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಕೆಲಸ ಕೆಟ್ಟಿದ್ದರೆ ನಗುತ್ತಿದ್ದಳು. ಚೆನ್ನಾಗಿದ್ದರೆ ಬೆಂಕಿಯಾಗುತ್ತಿದ್ದಳು.

ಅವಳು ನನ್ನ ಅಪ್ಪನ ತಮ್ಮನ ಹೆಂಡತಿ, ನನಗೆ ಚಿಕ್ಕಮ್ಮ. ನಾನು ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ, ನಿವೃತ್ತಳಾಗಿ ಅಪ್ಪನ ಮನೆಗೆ ಮರಳಿದ ದಿನ ಅವಳು ನನ್ನನ್ನು ಬರಮಾಡಿಕೊಂಡದ್ದು ಹೀಗೆ: "ಬಂದ್ಯಾ? ಓದಿ ಓದಿ ಕಣ್ಣೂ ಹೋಯ್ತು, ಕೈಯೂ ಮೆತ್ತಗಾಯ್ತು. ಇನ್ನು ಕೂತ್ಕೊಂಡು ಉಣ್ಣು."

ನಮ್ಮ ಕಸೇನಾ ಜನರ ಊರುಗಳಲ್ಲಿ ಮಣ್ಣಿನ ಗೋಡೆ ಎಬ್ಬಿಸುವುದು ಗಂಡಸರ ಕೆಲಸ. ಮೇಲೆ ಮಾಳಿಗೆ ಹಾಕಿದ ಮೇಲೆ ಅವರು ಕೈ ತೊಳೆದುಕೊಳ್ಳುತ್ತಾರೆ. ಒಳಗೂ ಹೊರಗೂ ಬಳಿಯುವುದು, ಗೆರೆ ಎಳೆಯುವುದು, ಮೆರುಗು ಕೊಡುವುದು ಹೆಂಗಸರದು. ಒಳಗಿನದನ್ನು ಒಬ್ಬಳೇ ದಿನಕ್ಕಿಷ್ಟು ಎಂದು ಮಾಡಿಕೊಳ್ಳಬಹುದು. ಹೊರಗೋಡೆ ಹಾಗಲ್ಲ. ಸಗಣಿ ಕಲಸಿದ ಮಣ್ಣನ್ನು ಮೆತ್ತಿ, ಅದು ಹಸಿಯಾಗಿರುವಾಗಲೇ ಕೆಮ್ಮಣ್ಣು ಬಳಿದು, ಅರೆದ ಕಪ್ಪುಕಲ್ಲಿನ ಬಣ್ಣ ತುಂಬಿ, ಬಳಪದ ಕಲ್ಲಿನಿಂದ ಬಿಳಿ ತೀಡಿ, ಹೊಳೆಗಲ್ಲಿನಿಂದ ಉಜ್ಜಿ ಒಂದೇ ದಿನಕ್ಕೆ ಮುಗಿಸಬೇಕು. ಗೋಡೆ ಒಣಗಿದರೆ ಬಣ್ಣ ಒಳಗೆ ಇಳಿಯುವುದಿಲ್ಲ, ಧೂಳಿನ ಹಾಗೆ ಮೇಲೆ ಕೂತಿರುತ್ತದೆ. ಅದಕ್ಕೇ ಹೊರಗೋಡೆಯ ದಿನ ಓಣಿಯ ಹೆಂಗಸರೆಲ್ಲ ಸೇರುತ್ತಾರೆ. ಕೊನೆಗೆ, ದವದವ ಮರದ ಒಣಗಿದ ಕಾಯಿಸಿಪ್ಪೆಯನ್ನು ನೆನೆಹಾಕಿ ಕುದಿಸಿದ ಕಂದು ರಸವನ್ನು ಹುಲ್ಲಿನ ಪೊರಕೆಯಿಂದ ಗೋಡೆಗೆ ಎರಚಬೇಕು. ಅದನ್ನು ಕುಡಿದ ಗೋಡೆ ಮಳೆಗೆ ನಿಲ್ಲುತ್ತದೆ. ಕುಡಿಯದ ಗೋಡೆ ಕರಗುತ್ತದೆ.

ಈ ಕೆಲಸದಲ್ಲಿ ಕಾಟಿಗಾಳನ್ನು ಮೀರಿಸಿದವರು ಇರಲಿಲ್ಲ. ಗಿನಿಕೋಳಿಯ ಗರಿ ಹಿಡಿದು ನಿಂತರೆ ಗೋಡೆಯ ಈ ಮೂಲೆಯಿಂದ ಆ ಮೂಲೆಗೆ ಉಸಿರು ಬಿಡದೆ ಗೆರೆ ಎಳೆಯುತ್ತಿದ್ದಳು, ದಾರ ಬಿಗಿದಂತೆ. ಅದೇ ಅವಳ ಸೊಕ್ಕಿಗೆ ಆಧಾರ. ಇಪ್ಪತ್ತೆರಡು ವರ್ಷದ ಹಿಂದೆ ಎದುರು ಮನೆಯ ಕಾವೆ ತನ್ನ ಕೋಣೆಯ ಗೋಡೆಗೆ ಒಂದು ಸಾಲು ಮುಕ್ಕೋನ ಬರೆದಳು. ಒಡೆದ ಸೋರೆಬುರುಡೆಯ ಚೂರುಗಳೆಂದು ನಾವು ಕರೆಯುವ ಚಿತ್ತಾರ ಅದು. ನಲವತ್ತು ಹೆಂಗಸರ ಎದುರು ಕಾಟಿಗಾ ಒದ್ದೆ ಅಂಗೈಯಿಂದ ಆ ಇಡೀ ಸಾಲನ್ನು ಒರೆಸಿ ಹಾಕಿದಳು. "ಇದು ಗೋಡೆ ಕಣೇ. ನಿನ್ನ ಕೂಸಿನ ಅಂಡು ಅಲ್ಲ, ಹೆಂಗಂದ್ರೆ ಹಂಗೆ ಬಳಿಯೋಕೆ" ಎಂದಳಂತೆ. ಅಲ್ಲಿದ್ದವರು ಹೇಳುವ ಪ್ರಕಾರ ಆ ಸಾಲಿನಲ್ಲಿ ಯಾವ ದೋಷವೂ ಇರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವಳು ತನ್ನ ಸ್ವಂತ ಗೋಡೆಯನ್ನು ಕೊನೆಯ ಸಲ ಬರೆದಳು. ಹಿರಿಯ ಹೆಂಗಸರು ಇರುವ ಜೋಡಿಕೋಣೆಯ ಗೋಡೆ ಅದು. ಎರಡು ದುಂಡು ಕೋಣೆಗಳು ಒಂದಕ್ಕೊಂದು ಬೆನ್ನು ತಾಗಿಸಿ ನಿಂತಂತಿದೆ. ಅದರ ಸುತ್ತ ಕಪ್ಪು, ಕೆಂಪು, ಬಿಳಿ ಮುಕ್ಕೋನಗಳು, ನಡುವೆ ಒಂದು ಹೆಬ್ಬಾವು. ಬರೆದು ಮುಗಿಸಿದ ಮೂರನೇ ವಾರ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಒಂದು ಕಣ್ಣಿಗೆ ಪೊರೆ ಬಂತು. ಆಮೇಲೆ ಅವಳಿಗೆ ಉಳಿದದ್ದು ಆ ಗೋಡೆ ಮತ್ತು ನಾಲಗೆ. ಪ್ರತಿ ವರ್ಷ ಮಳೆಗೆ ಮುಂಚೆ ಕುಳ್ಳುಮಣೆಯ ಮೇಲೆ ಕೂತು, ಕೋಲು ತೋರಿಸುತ್ತ, ಆ ಗೋಡೆಗೆ ಕಾಯಿರಸ ಕುಡಿಸುತ್ತಿದ್ದಳು. ಒಂದು ಬೊಟ್ಟಿನಷ್ಟು ಜಾಗ ಒಣಗಿ ಉಳಿದರೂ ಬೈಗುಳ. ಹೀಗಾಗಿ ಒಂಬತ್ತು ಮಳೆ ಕಂಡ ಆ ಗೋಡೆ ಮೊನ್ನೆ ಬರೆದಂತೆ ಇತ್ತು.

ಈ ವರ್ಷ ಒಣಗಾಳಿಯ ಕಾಲದಲ್ಲಿ ಯಾರೋ ಇಲಿ ಹಿಡಿಯಲು ಹಚ್ಚಿದ ಬೆಂಕಿ ಕಾಡಿಗೆ ಹತ್ತಿತು. ದವದವ ಮರಗಳ ಹೂವೆಲ್ಲ ಸುಟ್ಟುಹೋಯಿತು. ಕಾಯಿ ಇಲ್ಲ, ಸಿಪ್ಪೆ ಇಲ್ಲ. ಕಾಟಿಗಾ ಮಾತ್ರ ಹೋದ ವರ್ಷದ ಸಿಪ್ಪೆಯನ್ನು ಗಡಿಗೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಮಂಚದ ಕೆಳಗೆ ಇಟ್ಟಿದ್ದಳು. ಅದರಿಂದ ಕುದಿಸಿ ತೆಗೆದ ರಸ ಒಂದು ಮಡಕೆ. ಒಂದು ಮಡಕೆ ಒಂದು ಗೋಡೆಗೆ ಸರಿ. ಅರ್ಧರ್ಧ ಮಾಡಿದರೆ ಎರಡೂ ನಿಲ್ಲುವುದಿಲ್ಲ.

ಅದೇ ವರ್ಷ ಅವಳ ಕಿರಿಮಗ ಅಬಾಟೆ ಹೆಂಡತಿಗೆಂದು ಹೊಸ ಕೋಣೆ ಕಟ್ಟಿದ. ಹೆಂಡತಿಯ ಹೆಸರು ಅಪೋಕಾ. ಅರ್ಧ ದಿನದ ದಾರಿಯಲ್ಲಿರುವ ನಂಕಾನಾ ಜನರ ಊರಿನವಳು. ಬಂದು ಮೂರು ವರ್ಷ, ಬೆನ್ನಿಗೆ ಎಂಟು ತಿಂಗಳ ಹೆಣ್ಣುಕೂಸು. ಅಲ್ಲಿಯವರೆಗೆ ಅತ್ತೆಯ ಜೋಡಿಕೋಣೆಯ ಒಂದು ಮೂಲೆಯಲ್ಲಿ ಮಲಗುತ್ತಿದ್ದಳು. ಹೊಸ ಕೋಣೆಯ ಒಳಗನ್ನು ಅವಳು ಒಬ್ಬಳೇ ಹತ್ತು ದಿನ ಕೂತು ಮುಗಿಸಿದಳು. ನೆಲವನ್ನು ಬಡಿದು ಗಟ್ಟಿ ಮಾಡಿ, ಗೋಡೆಗೆ ಕಪ್ಪು ತಿಕ್ಕಿ, ಎಣ್ಣೆ ಹಚ್ಚಿ ಮುಖ ಕಾಣುವ ಹಾಗೆ ಮಾಡಿದಳು. ಹೊರಗೋಡೆ ಹಸಿಮಣ್ಣಿನ ಬಣ್ಣದಲ್ಲೇ ನಿಂತಿತ್ತು, ಅತ್ತೆಯ ಗೋಡೆಗೆ ಸರಿಯಾಗಿ ಎದುರು. ಮಳೆಗೆ ಹೆಚ್ಚೆಂದರೆ ಎರಡು ವಾರ ಉಳಿದಿತ್ತು. ಬಳಿಯದ ಗೋಡೆ ಒಂದು ಮಳೆಗಾಲ ನೆನೆದರೆ ಬುಡ ಕರಗಿ ಒಳಕ್ಕೆ ಕುಸಿಯುತ್ತದೆ, ಕೋಣೆ ಹೋಗುತ್ತದೆ.

ಗಂಡನ ಮನೆಯ ಗೋಡೆಗೆ ತವರಿನ ಹೆಂಗಸರು ಕೈ ಹಾಕುವಂತಿಲ್ಲ. ಓಣಿಯ ಹೆಂಗಸರೇ ಬರಬೇಕು. ಅವರನ್ನು ಕರೆಯುವುದು ಮನೆಯ ಹಿರಿಯಳು. ತನ್ನ ಕೈಯಿಂದ ಸಜ್ಜೆಹಿಟ್ಟು ಕದಡಿದ ನೀರನ್ನು ಸೋರೆಬುರುಡೆಯಲ್ಲಿ ಕಳಿಸುತ್ತಾಳೆ. ಕುಡಿದರೆ ಕೆಲಸಕ್ಕೆ ಬರುತ್ತಾರೆಂದು ಅರ್ಥ.

"ಕಳಿಸು ಚಿಕ್ಕಮ್ಮ" ಎಂದೆ.

"ಯಾರಿಗೆ? ಆ ಕಾವೆಗಾ? ಅವಳು ಬಂದು ನನ್ನ ಅಂಗಳದಲ್ಲಿ ನಿಂತು ಸೊಂಟ ತಿರುಗಿಸ್ತಾಳೆ, ನಾನು ನೋಡ್ತಾ ಕೂತ್ಕೋಬೇಕಾ?"

"ನಿನ್ನ ಮೊಮ್ಮಗಳು ಮಲಗೋ ಕೋಣೆ ಅದು."

"ನನ್ನ ಮೂಲೇಲಿ ಜಾಗ ಇದೆ. ಕೂಸು ಎಷ್ಟು ಜಾಗ ತಿನ್ನುತ್ತೆ?"

ಅಪೋಕಾ ಅಲ್ಲೇ ಜೋಳ ಕೇರುತ್ತಿದ್ದಳು. ಮೊರದ ಸದ್ದು ನಿಲ್ಲಲಿಲ್ಲ. ಕೇರುತ್ತಲೇ ಅವಳು ಮೆಲ್ಲನೆ ಕೇಳಿದಳು. "ಅತ್ತೆ, ಮಡಕೇಲಿ ಒಂಚೂರು ರಸ ನಂಗೂ ಸಿಗುತ್ತಾ?"

"ನನ್ನ ಗೋಡೆ ಕುಡಿದು ಉಳಿದ್ರೆ ತಗೋ" ಎಂದಳು ಕಾಟಿಗಾ. ಏನೂ ಉಳಿಯುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಮಾರನೇ ದಿನ ನಾನೇ ಹಿಟ್ಟು ಕದಡಿ, ಬುರುಡೆ ಹಿಡಿದು ಕಾವೆಯ ಮನೆಗೆ ಹೋದೆ. ಕಾವೆಗೆ ಈಗ ಐವತ್ತರ ಹತ್ತಿರ. ಓಣಿಯ ಹೆಂಗಸರೆಲ್ಲ ಅವಳ ಮಾತಿಗೆ ಕಾಯುತ್ತಾರೆ. ಐದಾರು ಮಂದಿ ಅಲ್ಲಿ ಕೂತು ಎಣ್ಣೆಗೆಂದು ಬೆಣ್ಣೆಮರದ ಕಾಯಿ ಒಡೆಯುತ್ತಿದ್ದರು. ಕಾವೆ ಬುರುಡೆಯನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ತೆಗೆದುಕೊಂಡಳು. ಬಾಯಿಗೆ ಹಚ್ಚಲಿಲ್ಲ. ಒಂದು ಬೆರಳು ಅದ್ದಿ ತಿರುಗಿಸಿದಳು.

"ಟೀಚರಮ್ಮ, ಇದು ನಿಮ್ಮ ಕೈಯಲ್ವಾ?"

"ಹೌದು. ಯಾಕೆ?"

"ಗಂಟು ಗಂಟಾಗಿದೆ" ಎಂದಳು. ಹೆಂಗಸರು ನಕ್ಕರು. ನನ್ನ ವಿದ್ಯಾರ್ಥಿನಿಯಾಗಿದ್ದ ಒಬ್ಬಳು ಮುಖ ತಿರುಗಿಸಿಕೊಂಡು ನಕ್ಕಳು.

"ಕಾವೆ, ಹಳೇದನ್ನ ಬಿಡು. ಆ ಹುಡುಗಿ ನಿಂಗೇನು ಮಾಡಿದ್ದಾಳೆ?"

"ಏನೂ ಇಲ್ಲ, ಪಾಪ. ಒಳ್ಳೇ ಹುಡುಗಿ. ಅವತ್ತು ನಾನೂ ಒಳ್ಳೇ ಹುಡುಗೀನೇ ಆಗಿದ್ದೆ. ನನ್ನ ಗೋಡೆ ಒರೆಸಿದ ದಿನ ನೀವು ಎಲ್ಲಿದ್ರಿ ಟೀಚರಮ್ಮ?"

"ಕಾಲೇಜಲ್ಲಿ."

"ಅದೇ ಮತ್ತೆ. ನೀವಿರಲಿಲ್ಲ." ಬುರುಡೆಯನ್ನು ಹಾಗೇ ನನ್ನ ಕೈಗೆ ಮರಳಿಸಿದಳು. "ಕಾಟಿಗಾ ಕದಡಲಿ. ಎಡಗೈಲೇ ಕದಡಲಿ, ಗಂಟಾದ್ರೂ ಕುಡೀತೀವಿ. ನಿಮ್ಮದನ್ನ ಕುಡಿದ್ರೆ ನಾವು ಯಾರ ಮನೆಗೆ ಬಂದ ಹಾಗಾಯ್ತು?"

ತುಂಬಿದ ಬುರುಡೆ ಹೊತ್ತು ಓಣಿಯಲ್ಲಿ ನಡೆದು ಬಂದೆ. ಹಿಟ್ಟು ಅಡಿಗೆ ಇಳಿದು ನೀರು ತಿಳಿಯಾಗಿತ್ತು. ಕಾಟಿಗಾ ಅದನ್ನು ನೋಡಿದಳು. "ನಾಯಿಗೆ ಹಾಕು" ಎಂದು ಒಳಗೆ ಹೋದಳು.

ಆ ಮುಂದಿನ ದಿನಗಳಲ್ಲಿ ನಮ್ಮಲ್ಲಿ ಯಾರಿಗೂ ಏನು ಮಾಡಲೂ ತೋಚಲಿಲ್ಲ. ಅಬಾಟೆ ಸೈಕಲ್ಲಿನ ಮೇಲೆ ಕೆಮ್ಮಣ್ಣು ತಂದು ಗುಡ್ಡೆ ಹಾಕಿದ, ಸಗಣಿ ತಂದ, ನೀರು ತುಂಬಿಸಿದ. ಅದರಾಚೆ ಬಣ್ಣಕ್ಕೆ ಕೈ ಹಾಕಿದರೆ ಊರು ನಗುತ್ತದೆಂದು ಅಂಗಳದಲ್ಲಿ ಅಡ್ಡಾಡುತ್ತಿದ್ದ. ಅಮ್ಮನ ಮುಂದೆ ಹೋಗಿ ನಿಲ್ಲುತ್ತಿದ್ದ, ಮತ್ತೆ ಮಣ್ಣಿನ ಗುಡ್ಡೆಯ ಕಡೆಗೇ ತಿರುಗುತ್ತಿದ್ದ. ಸಂಜೆಯಾದರೆ ಪೂರ್ವದಲ್ಲಿ ಮಿಂಚು. ಪ್ರತಿ ಸಂಜೆ ಅದು ಒಂದಿಷ್ಟು ಹತ್ತಿರ ಬರುತ್ತಿತ್ತು.

ಹತ್ತನೇ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಅಪೋಕಾ ಕೂಸನ್ನು ಬೆನ್ನಿಗೆ ಬಿಗಿದುಕೊಂಡು ಒಬ್ಬಳೇ ಗೋಡೆಗೆ ಮಣ್ಣು ಮೆತ್ತುತ್ತಿದ್ದಾಳೆ.

"ಒಬ್ಳೇ ಆಗಲ್ಲ ಕಣೇ" ಎಂದೆ.

"ಗೊತ್ತು ಟೀಚರಮ್ಮ. ಸುಮ್ನೆ ಕೂತ್ರೂ ಆಗಲ್ಲ."

ನಾನೂ ಸೊಂಟದ ಬಟ್ಟೆ ಬಿಗಿದು ಕೈ ಹಾಕಿದೆ. ನನ್ನ ಕೈ ಎಂಥದೆಂದು ಹೇಳಿಯಾಗಿದೆ. ಮೆತ್ತಿದ್ದಕ್ಕಿಂತ ಉದುರಿಸಿದ್ದು ಹೆಚ್ಚು. ಆ ದಿನ ಬಿಸಿಲಿನ ಜೊತೆ ಗಾಳಿಯೂ ಇತ್ತು. ಕೆಳಗೆ ಮೆತ್ತುವಷ್ಟರಲ್ಲಿ ಮೇಲೆ ಒಣಗುತ್ತಿತ್ತು. ಮೇಲೆ ನೀರು ಚಿಮುಕಿಸಿದರೆ ಕೆಳಗೆ ಬಿರುಕು ಬಿಡುತ್ತಿತ್ತು. ಎದುರಿಗೆ ತನ್ನ ಗೋಡೆಯ ನೆರಳಿನಲ್ಲಿ ಕುಳ್ಳುಮಣೆ ಹಾಕಿಕೊಂಡು ಕಾಟಿಗಾ ಬೆಳಗಿನಿಂದ ಕೂತಿದ್ದಳು.

"ನಿಮ್ಮೂರಲ್ಲಿ ಗೋಡೆ ಹಿಂಗೇನಾ ಮೆತ್ತೋದು? ಕೋಳಿ ಕೆದರಿದ ಹಂಗೆ?"

ಅಪೋಕಾ ಇನ್ನೊಂದು ಹಿಡಿ ಮಣ್ಣು ತೆಗೆದು ಮೆತ್ತಿದಳು.

"ಏ ಓದಿದೋಳೇ, ಕೈ ತೆಗಿ ಅಲ್ಲಿಂದ. ನೀನು ಮುಟ್ಟಿದ ಕಡೆಯೆಲ್ಲ ಗೂನು ಬಂದಿದೆ."

ಮಧ್ಯಾಹ್ನದ ಹೊತ್ತಿಗೆ ಕೆಂಪು ಬಳಿದಾಯಿತು. ಆಮೇಲೆ ಅಪೋಕಾ ಗರಿ ಹಿಡಿದಳು. ಮುಕ್ಕೋನಗಳ ಸಾಲನ್ನು ಎಡಗಡೆಯಿಂದ ಶುರು ಮಾಡಿದಳು. ಮೊದಲ ನಾಲ್ಕು ಚೆನ್ನಾಗಿ ಬಂದವು. ಗೋಡೆ ಒಣಗುತ್ತಿದೆಯೆಂಬ ಗಾಬರಿಗೆ ಮುಂದಿನವನ್ನು ಬೇಗ ಮುಗಿಸಲು ದೊಡ್ಡದು ಮಾಡಿದಳು, ಅದಕ್ಕೂ ಮುಂದಿನದು ಇನ್ನೂ ದೊಡ್ಡದು. ಗೆರೆ ಮೇಲೇರುತ್ತ ಹೋಯಿತು. ಬಲಗಡೆಯ ಮೂಲೆಗೆ ಬರುವಷ್ಟರಲ್ಲಿ ಜಾಗ ಸಾಲದೆ ಕೊನೆಯದು ಅರ್ಧಕ್ಕೇ ನಿಂತಿತು, ಗೋಡೆ ಅದನ್ನು ಕತ್ತರಿಸಿ ಹಾಕಿದಂತೆ.

"ಅದೇನು ಬುರುಡೆಚೂರೋ, ಹಂದಿ ಕಿವಿಯೋ?" ಕಾಟಿಗಾ ಕೇಳಿದಳು.

ಅಪೋಕಾ ತಿರುಗಿದಳು. ಮೊಣಕೈವರೆಗೆ ಕೆಂಪು, ಹಣೆಯ ಮೇಲೆ ಕಪ್ಪು. ಬೆನ್ನ ಮೇಲಿನ ಕೂಸು ಅತ್ತು ಅತ್ತು ಮಲಗಿತ್ತು. "ಅತ್ತೆ, ಬಾಯಲ್ಲಿ ಗೆರೆ ಎಳೆಯೋಕಾಗೋದಾದ್ರೆ ನೀವೇ ಬಂದು ಎಳೀರಿ" ಎಂದಳು.

ಸೊಸೆಯರು ಹಾಗೆ ಮಾತಾಡುವುದಿಲ್ಲ. ನಾನು ಕಾಟಿಗಾಳ ಮುಖ ನೋಡಿದೆ. ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

ಸಂಜೆ ಅಪೋಕಾ ಹೊಳೆಗಲ್ಲಿನಿಂದ ಉಜ್ಜತೊಡಗಿದಳು. ಕಲ್ಲಿನ ಕೆಳಗೆ ಬಣ್ಣ ಪುಡಿಯಾಗಿ ಉದುರಿತು. ಅಂಗೈಗೆ ಅಂಟಿದ ಕೆಂಪು ಪುಡಿಯನ್ನು ನೋಡಿದಳು, ಕಲ್ಲನ್ನು ಕೆಳಗಿಟ್ಟಳು, ಕೂಸಿಗೆ ಹಾಲು ಕುಡಿಸಲು ಕೂತಳು. ಬಣ್ಣ ಹಿಡಿದಿರಲಿಲ್ಲ. ಅದರ ಮೇಲೆ ಕಾಯಿರಸ ಬಿದ್ದರೆ ಅಂಟಿನಂತೆ ಹಿಡಿದು ನಿಲ್ಲಿಸಬಹುದಿತ್ತು. ಬೀಳದಿದ್ದರೆ ಮೊದಲ ಮಳೆಗೇ ಬಣ್ಣವೂ ಹೋಗುತ್ತದೆ, ಅದರ ಹಿಂದೆ ಮಣ್ಣೂ ಹೋಗುತ್ತದೆ.

ಮಾರನೇ ದಿನ ಹೊತ್ತು ನೆತ್ತಿಗೇರಿ ಸ್ವಲ್ಪ ಇಳಿದಾಗ ಗಾಳಿ ನಿಂತಿತು. ಕೋಳಿಗಳು ತಾವಾಗಿಯೇ ಗೂಡು ಸೇರಿದವು. ಪೂರ್ವದಲ್ಲಿ ಧೂಳಿನ ಕೆಂಪು ಗೋಡೆ ಎದ್ದಿತ್ತು, ಅದರ ಹಿಂದೆ ಕಪ್ಪು. ಓಣಿಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಇಳಿಸಲು ಓಡಾಡುತ್ತಿದ್ದರು. ಅಬಾಟೆ ಮೇಕೆಗಳ ಹಿಂದೆ ಹೋಗಿದ್ದ. ಅಪೋಕಾ ಮಾಳಿಗೆ ಹತ್ತಿ ಜೋಳ ತುಂಬುತ್ತಿದ್ದಳು.

"ಓದಿದೋಳೇ! ಮಡಕೆ ತಾ!" ಕಾಟಿಗಾ ಕೂಗಿದಳು.

ಅವಳ ಗೋಡೆಗೆ ಈ ವರ್ಷದ ರಸ ಇನ್ನೂ ಬಿದ್ದಿರಲಿಲ್ಲ. ಅಮಾವಾಸ್ಯೆ ಕಳೆಯಲಿ ಎಂದು ಕಾದಿದ್ದಳು. ಅವಳ ಲೆಕ್ಕಕ್ಕಿಂತ ಮುಂಚೆ ಮಳೆ ಬರುವುದರಲ್ಲಿತ್ತು. ಧೂಳುಗಾಳಿ ಮುಂದೆ ಬಂದು ಬಡಿಯುತ್ತದೆ, ಮಳೆ ಅದರ ಹಿಂದೆ. ಆ ನಡುವಿನ ಬಿಸಿಗಾಳಿಗೆ ರಸ ಒಣಗಿದರೆ ಒಣಗಿತು, ಇಲ್ಲದಿದ್ದರೆ ಇಲ್ಲ. ಅಡುಗೆಯ ಮೂಲೆಯಿಂದ ಮಡಕೆಯನ್ನು ಎಳೆದು ತಂದು ಅವಳ ಗೋಡೆಯ ಬುಡದಲ್ಲಿ ಇಟ್ಟೆ. ಅವಳು ಕೋಲೂರಿ ಎದ್ದಳು. ಹೆಬ್ಬಾವಿನ ತಲೆಯ ಹತ್ತಿರ ಹೋಗಿ ಎಡಗೈಯ ಬೆನ್ನನ್ನು ಗೋಡೆಗೆ ತಾಗಿಸಿದಳು, ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ.

"ಎಳಿ" ಎಂದಳು.

"ಎಲ್ಲಿಗೆ?"

"ಕಿವಿಯೂ ಹೋಯ್ತಾ? ಆ ಕಡೆ ಎಳಿ. ಆ ಹಂದಿ ಕಿವಿಗಳ ಹತ್ರ."

ನಾನು ನಿಂತೇ ಇದ್ದೆ. "ಚಿಕ್ಕಮ್ಮ, ರಸ ಕುಡೀದೆ ನಿನ್ನ ಗೋಡೆ ಇನ್ನೊಂದು ಮಳೆ ತಡೆಯಲ್ಲ. ಮತ್ತೆ ಬರೆಯೋರು ಯಾರೂ ಇಲ್ಲ."

"ನಂಗೆ ಪಾಠ ಹೇಳ್ಬೇಡ. ಎಳಿ."

ಎಳೆದೆ. ಅಂಗಳ ದಾಟುವುದರೊಳಗೆ ಧೂಳು ಬಂದು ಬಡಿಯಿತು. ಓಣಿಯಾಚೆ ಕಾವೆಯ ಮನೆ ಕಾಣದಾಯಿತು. ಅವಳು ಕೋಲು ಬಿಸಾಡಿ, ಸತ್ತ ಭುಜವನ್ನು ಗೋಡೆಗೆ ಒರಗಿಸಿ ನಿಂತು, ಎಡಗೈಯಲ್ಲಿ ಪೊರಕೆ ಹಿಡಿದು ಅದ್ದಿದಳು. ಎಡಗೈಯ ಎರಚಾಟ. ಅರ್ಧ ಗೋಡೆಗೆ, ಅರ್ಧ ಅವಳ ಮೈಗೆ, ನನ್ನ ಮೈಗೆ. ಹುಳಿಹುಳಿ ವಾಸನೆ. ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದ ಕೆಂಪು, ರಸ ಬಿದ್ದಲ್ಲೆಲ್ಲ ಕಡುವಾಗುತ್ತ ಬಂತು. ಮೇಲಿನ ಭಾಗ ಅವಳಿಗೆ ಎಟುಕಲಿಲ್ಲ. "ಅಲ್ಲಿ! ಅಲ್ಲಿ ಒಣಗಿದೆ ನೋಡು! ಕಣ್ಣಿಲ್ವಾ?" ಎಂದು ಬೈದು ನನ್ನಿಂದ ಮಾಡಿಸಿದಳು. ಅಪೋಕಾ ಜೋಳದ ಬುಟ್ಟಿ ಹೊತ್ತು ಏಣಿಯ ನಡುವೆ ನಿಂತುಬಿಟ್ಟಿದ್ದಳು.

ಗೋಡೆ ಹಿಡಿದುಕೊಂಡೇ ಸರಿಯುತ್ತ ಕಾಟಿಗಾ ಬಲಗಡೆಯ ಮೂಲೆಗೆ ಬಂದಳು. ಅಷ್ಟರಲ್ಲಿ ಮಡಕೆಯ ತಳ ಕಾಣುತ್ತಿತ್ತು. ಕತ್ತರಿಸಿ ಹೋದ ಆ ಅರ್ಧ ಮುಕ್ಕೋನದ ಎದುರು ನಿಂತು, ಒಳ್ಳೆಯ ಕಣ್ಣನ್ನು ಅದರ ಹತ್ತಿರಕ್ಕೆ ತಂದಳು. ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೆಬ್ಬೆರಳನ್ನು ಅದರ ಅಂಚಿಗೆ ಒತ್ತಿ ಹಿಡಿದಳು. ಒರೆಸುತ್ತಾಳೆ ಎಂದುಕೊಂಡೆ. ಅವಳು ಮೊದಲಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ದಪ್ಪ ಹನಿಯೊಂದು ಎದುರು ಗೋಡೆಯ ಹೆಬ್ಬಾವಿನ ಮೇಲೆ ಟಪ್ಪೆಂದು ಬಿತ್ತು, ಅದರ ಹಿಂದೆ ಇನ್ನೊಂದು.

ಅವಳು ಹೆಬ್ಬೆರಳು ತೆಗೆದಳು. ಪೊರಕೆಯನ್ನು ಮಡಕೆಯ ತಳದಲ್ಲಿ ತಿರುವಿ, ಆ ಅರ್ಧ ಮುಕ್ಕೋನದ ಮೇಲೆ ಎರಡು ಸಲ ಎರಚಿದಳು.